ಮದುವಿ ವಿಡಿಯೋ ಎಡಿಟಿಂಗ್‌ಗೆ ಡೆಸ್ಕ್‌ಟಾಪ್: ಈ ಕೊಟೇಶನ್ ಸರಿ ಐತೇನ್ರಿ?

ಬಾರಾಕಮಾನ್ (ವಿಜಯಪುರ)

ನಮಸ್ಕಾರ್ರೀ ಎಲ್ಲಾರಿಗೂ. ಮದುವಿ, ಸೀಮಂತದ ವಿಡಿಯೋ ಎಡಿಟ್ ಮಾಡಾಕ ಹೊಸ ಡೆಸ್ಕ್‌ಟಾಪ್ ಬೇಕಾಗೈತಿ. ಎರಡು ಸೋನಿ ಕ್ಯಾಮೆರಾ, 4ಕೆ 10 ಬಿಟ್ 4:2:2 (ಬಣ್ಣದ ವಿವರ ಹೆಚ್ಚಿಗಿ ಹಿಡಿಯೂ ಬಗಿ) ಫುಟೇಜ್. ಸಾಫ್ಟ್‌ವೇರ್ ಪ್ರೀಮಿಯರ್ ಪ್ರೋ. ಅಂಗಡಿಯವರು ಕೊಟ್ಟ ಕೊಟೇಶನ್: ಐ5-14400ಎಫ್ ಪ್ರೊಸೆಸರ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್ (ಒಂದೇ ಸ್ಟಿಕ್), 1 ಟಿಬಿ ಎಸ್‌ಎಸ್‌ಡಿ, 550 ವ್ಯಾಟ್ ಪವರ್ ಸಪ್ಲೈ, 600 ವಿಎ ಯುಪಿಎಸ್. ಎರಡೂ ಕ್ಯಾಮೆರಾದ ವಿಡಿಯೋ ಒಟ್ಟಿಗೆ ಓಡಿಸೂ ಮಲ್ಟಿಕ್ಯಾಮ್ ಹಾಕಿದ್ರ ಟೈಮ್‌ಲೈನ್ ನಿಂತು ನಿಂತು ಓಡಬಾರದು. ಏನೇನು ಬದಲಿ ಮಾಡಿಸಬೇಕು?

ಘಟಪ್ರಭಾ (ಬಾಗಲಕೋಟೆ)

ಮೊದಲು ಆ ‘ಎಫ್’ ತೆಗೆಸ್ರಿ. ಎಫ್ ಇರೋ ಪ್ರೊಸೆಸರ್‌ನಾಗ ಒಳಗಿನ ಗ್ರಾಫಿಕ್ಸ್ ಇರಂಗಿಲ್ಲ, ಅಂದ್ರ ಕ್ವಿಕ್ ಸಿಂಕ್ (ವಿಡಿಯೋ ಫೈಲ್ ಬಿಚ್ಚೂ ಇಂಟೆಲ್‌ನ ಸೌಲಭ್ಯ) ಇಲ್ಲ. ಆರ್‌ಟಿಎಕ್ಸ್ 4060 ಎಷ್ಟೇ ಜೋರ್ ಇದ್ರೂ ಅದರ ಡಿಕೋಡರ್‌ಗೆ 4:2:2 ಫೈಲ್ ಬಿಚ್ಚಾಕ ಬರಂಗಿಲ್ಲ. ಈ ಎರಡೂ ಕೂಡಿದ್ರ ಪೂರ್ತಿ ಭಾರ ಪ್ರೊಸೆಸರ್ ಕೋರ್‌ಗಳ ಮ್ಯಾಲೆ ಬೀಳತೈತಿ. ಸಿಪಿಯು 100 ಪರ್ಸೆಂಟ್, ಕಾರ್ಡ್ ಮಾತ್ರ ಸುಮ್ನ ಕುಂತಿರತೈತಿ. ತುಟ್ಟಿ ಕಾರ್ಡ್ ಹಾಕಿದ್ರೂ ಸಿಸ್ಟಮ್ ತಡವರಿಸೂದು ಇದಕ್ಕ.

ಐ5-14500 ತಗೊಳ್ರಿ. ಅದರಾಗಿನ ಯುಎಚ್‌ಡಿ 770 ಅನ್ನೋ ಒಳಗಿನ ಗ್ರಾಫಿಕ್ಸ್‌ಗೆ ಎರಡು ವಿಡಿಯೋ ಎಂಜಿನ್ ಅದಾವ, 14400ದಾಗಿನ 730ಗೆ ಒಂದೇ. ಕಾರ್ಡ್ ಕೂಡಿಸಿದ ಮ್ಯಾಲೆ ಬಯಾಸ್‌ಗೆ (ಬೋರ್ಡ್‌ನ ಸೆಟಿಂಗ್ಸ್) ಹೋಗಿ ಒಳಗಿನ ಗ್ರಾಫಿಕ್ಸ್ ಆನ್ ಇಡ್ರಿ. ಭಾಳ ಬೋರ್ಡ್‌ಗಳು ಕಾರ್ಡ್ ಕಂಡ ಕೂಡ್ಲೇ ಅದನ್ನ ತಾವಾಗೇ ಆಫ್ ಮಾಡ್ತಾವ. ಇಂಟೆಲ್ ಡ್ರೈವರ್ ಹಾಕಿ, ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಾಗ ಮೀಡಿಯಾ ಅನ್ನೋದರೊಳಗ ಹಾರ್ಡ್‌ವೇರ್ ಡಿಕೋಡಿಂಗ್‌ಗೆ ಇಂಟೆಲ್ ಟಿಕ್ ಮಾಡ್ರಿ. ಕ್ಲಿಪ್ ಓಡಿಸಿ ಟಾಸ್ಕ್ ಮ್ಯಾನೇಜರ್ ನೋಡ್ರಿ: ಇಂಟೆಲ್ ಜಿಪಿಯುದ ‘ವಿಡಿಯೋ ಡಿಕೋಡ್’ ಗ್ರಾಫ್ ಮ್ಯಾಲೆ ಎದ್ದರ ಸರಿ ಕೂತೈತಿ ಅಂತ ತಿಳಕೊಳ್ರಿ.

ಕುಂದಾನಗರಿ (ಬೆಳಗಾವಿ)

ಮೇಲಿನವರು ಹೇಳಿದ್ದು ಸರಿ, ಆದರೆ ಅರ್ಧ. 14500ರ ಕ್ವಿಕ್ ಸಿಂಕ್ ಬಿಚ್ಚೋದು ಎಚ್.265 ಅನ್ನೋ ಬಗೆಯಲ್ಲಿ ಕುಗ್ಗಿಸಿದ 4:2:2 ಮಾತ್ರ. ಸೋನಿಯ ರೆಕಾರ್ಡಿಂಗ್ ಫಾರ್ಮ್ಯಾಟ್‌ಗಳಲ್ಲಿ ಎಕ್ಸ್‌ಎವಿಸಿ ಎಚ್‌ಎಸ್ ಅಂದ್ರೆ ಎಚ್.265, ಎಕ್ಸ್‌ಎವಿಸಿ ಎಸ್ ಅಂದ್ರೆ ಎಚ್.264. ಎಸ್‌ನಲ್ಲಿ 4:2:2 ಶೂಟ್ ಮಾಡಿದ್ದರೆ 14500 ಕೂಡ ಕೈ ಚೆಲ್ಲುತ್ತೆ. ‘ಎಚ್‌ಎಸ್‌ಗೆ ಬದಲಿಸಿದರಾಯ್ತು’ ಅನ್ನೋಣ ಅಂದ್ರೆ, ಹಲವು ಮಾಡೆಲ್‌ಗಳಲ್ಲಿ 4ಕೆ ಎಚ್‌ಎಸ್‌ನಲ್ಲಿ 25 ಫ್ರೇಮ್ ಸಿಗೋದೇ ಇಲ್ಲ. ಅದಕ್ಕೇ 4060 ಬಿಟ್ಟು ಆರ್‌ಟಿಎಕ್ಸ್ 5060 ಹಾಕಿಸಿ. 50 ಸೀರೀಸ್ ಕಾರ್ಡ್ ಎರಡೂ ಬಗೆಯ 4:2:2 ಬಿಚ್ಚುತ್ತೆ. ಪ್ರೀಮಿಯರ್ ಹೊಸ ಆವೃತ್ತಿ ಇರಲೇಬೇಕು, ಹಳೆಯದರಲ್ಲಿ ಈ ಅನುಕೂಲ ಇಲ್ಲ.

ರ‍್ಯಾಮ್ 16ರ ಎರಡು ಸ್ಟಿಕ್, ಒಟ್ಟು 32. ಒಂದೇ ಸ್ಟಿಕ್ ಹಾಕಿದರೆ ಡ್ಯುಯಲ್ ಚಾನೆಲ್ (ಎರಡು ಸ್ಟಿಕ್ ಒಟ್ಟಿಗೆ ಓಡಿ ಸಿಗೋ ವೇಗ) ತಪ್ಪುತ್ತೆ, ಸಿಸ್ಟಮ್ ರ‍್ಯಾಮನ್ನೇ ಬಳಸೋ ಒಳಗಿನ ಗ್ರಾಫಿಕ್ಸ್‌ಗೆ ಅದರ ಪೆಟ್ಟು ಮೊದಲು.

ಡಿಸ್ಕ್ ಲೆಕ್ಕ ನೋಡಿ. ಕ್ಯಾಮೆರಾ ಸೆಕೆಂಡಿಗೆ 200 ಮೆಗಾಬಿಟ್ ಬರೆದರೆ ಸೆಕೆಂಡಿಗೆ 25 ಎಂಬಿ, ಗಂಟೆಗೆ 90 ಜಿಬಿ. ಎರಡು ಕ್ಯಾಮೆರಾ ನಾಲ್ಕು ನಾಲ್ಕು ಗಂಟೆ ಓಡಿದರೆ 720 ಜಿಬಿ. ಒಂದು ಮದುವೆಗೇ ಆ 1 ಟಿಬಿ ತುಂಬಿತು. ವಿಂಡೋಸ್‌ಗೆ 500 ಜಿಬಿ, ನಡೀತಿರೋ ಕೆಲಸಕ್ಕೆ ಮತ್ತು ಕ್ಯಾಶ್‌ಗೆ (ತಾತ್ಕಾಲಿಕ ಫೈಲ್‌ಗಳಿಗೆ) ಬೇರೆ 2 ಟಿಬಿ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ), ಮುಗಿದದ್ದಕ್ಕೆ ಹಾರ್ಡ್ ಡಿಸ್ಕ್. ಗಿರಾಕಿಗೆ ಕೊಡೋ ತನಕ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಇರಲೇಬೇಕು. ಮದುವೆ ಮತ್ತೊಮ್ಮೆ ಶೂಟ್ ಮಾಡೋಕೆ ಬರಲ್ಲ.

ಎರಿಹೊಲ (ಮುಧೋಳ)

ಕರೆಂಟಿನ ಬಗ್ಗೆ ಯಾರೂ ಬರದಿಲ್ಲಲ್ರಿ. 600 ವಿಎ ಯುಪಿಎಸ್ ಅಂದ್ರ ಸಾಮಾನ್ಯ 360 ವ್ಯಾಟ್ ಅಷ್ಟ. ಎಕ್ಸ್‌ಪೋರ್ಟ್ (ಮುಗಿದ ವಿಡಿಯೋ ಫೈಲ್ ಮಾಡೂ) ಹೊತ್ತಿನ್ಯಾಗ 14500 ಒಂದೇ 154 ವ್ಯಾಟ್ ತನಕ ಎಳೀತೈತಿ, 5060 145 ವ್ಯಾಟ್ ತನಕ. ಮ್ಯಾಲೆ ಬೋರ್ಡ್, ಫ್ಯಾನ್, ಮಾನಿಟರ್. ಲೈಟ್ ಹೋದ ಕ್ಷಣಕ್ಕ ಯುಪಿಎಸ್ಸೂ ಟ್ರಿಪ್ ಆಗತೈತಿ. 1100 ವಿಎ ತಗೊಳ್ರಿ, ಅದೂ ಸೇವ್ ಮಾಡಿ ಬಂದ್ ಮಾಡೂದಕ್ಕ ಅಷ್ಟ. 550 ವ್ಯಾಟ್ ಪವರ್ ಸಪ್ಲೈ ಸಾಕ್ರಿ, 80 ಪ್ಲಸ್ ಬ್ರಾಂಜ್ ದಕ್ಷತಾ ದರ್ಜೆ ಇರಲಿ.

ಅರ್ಥಿಂಗ್ ಬಿಡಬ್ಯಾಡ್ರಿ. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ ಅಂದ್ರ ಅರ್ಥಿಂಗ್ ಸರಿ ಇಲ್ಲಂತ ತಿಳೀರಿ. ಪವರ್ ಸಪ್ಲೈದಾಗಿನ ಫಿಲ್ಟರ್ ಕೆಪಾಸಿಟರ್‌ಗಳ ಸೋರಿಕೆ ಕರೆಂಟ್ ಭೂಮಿಗೆ ಇಳಿಯದೆ ಕ್ಯಾಬಿನೆಟ್‌ನಾಗ ನಿಂತಿರತೈತಿ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್-ಅರ್ಥ್ ನಡುವಿನ ವೋಲ್ಟೇಜ್ ನೋಡಸ್ರಿ, 2-3 ವೋಲ್ಟ್ ದಾಟಬಾರದು. ನಮ್ಮ ಎರಿ ಮಣ್ಣು ಬ್ಯಾಸಗಿಗೆ ಒಣಗಿ ಬಿರುಕು ಬಿಡತೈತಿ, ಅರ್ಥ್ ರಾಡಿನ ಸುತ್ತ ಸಂದಿ ಬೀಳತಾವ. ಮಾರ್ಚ್‌ನಿಂದ ಮಳಿ ಹಿಡಿಯೂತನಕ ಗುಂಡಿಗೆ ನೀರು ಹಾಕ್ತಾ ಇರ‍್ರಿ.

ಪ್ರೊಸೆಸರ್ ಜೋಡಿ ಬರೂ ಸಣ್ಣ ಕೂಲರ್‌ನೂ ಬ್ಯಾಡ. ರೂಮ್ 38-40 ಡಿಗ್ರಿ ಇದ್ದಾಗ ಉದ್ದ ಎಕ್ಸ್‌ಪೋರ್ಟ್‌ಗೆ ಅದು ತಡಿಯಂಗಿಲ್ಲ, ಪ್ರೊಸೆಸರ್ ವೇಗ ಇಳಿಸಿಕೊಂತೈತಿ. 120 ಮಿಮೀ ಫ್ಯಾನಿನ ಟವರ್ ಕೂಲರ್ ಸಾಕು.

ಬಾರಾಕಮಾನ್ (ವಿಜಯಪುರ)

ಭಾಳ ಉಪಕಾರ ಆತ್ರಿ. ನಮ್ಮ ಫೈಲ್ ಎಚ್.264 ಏನು ಎಚ್.265 ಅಂತ ನೋಡೂದು ಹ್ಯಾಂಗ?

ಕುಂದಾನಗರಿ (ಬೆಳಗಾವಿ)

ಮೀಡಿಯಾಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಇದೆ. ಫೈಲ್ ಎಳೆದು ಹಾಕಿ. ಫಾರ್ಮ್ಯಾಟ್ ಎದುರು ಎವಿಸಿ ಇದ್ದರೆ ಎಚ್.264, ಎಚ್‌ಇವಿಸಿ ಇದ್ದರೆ ಎಚ್.265. ಕೆಳಗೆ ಕ್ರೋಮಾ ಸಬ್‌ಸ್ಯಾಂಪ್ಲಿಂಗ್ (4:2:2 ಹೌದೋ ಅಲ್ವೋ), ಬಿಟ್ ಡೆಪ್ತ್ (10 ಬಿಟ್ ಹೌದೋ ಅಲ್ವೋ) ಕೂಡ ಕಾಣುತ್ತೆ. ಎರಡೂ ಕ್ಯಾಮೆರಾದ ಒಂದೊಂದು ಕ್ಲಿಪ್ ಇವತ್ತೇ ನೋಡಿ, ಅಡ್ವಾನ್ಸ್ ಆಮೇಲೆ ಕೊಡಿ.