ರಾತ್ರಿ ಮಾಲ್ದೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಇಳಿದವರು ಮೊದಲ ರಾತ್ರಿಯನ್ನು ಎಲ್ಲಿ ಕಳೆದಿರಿ?

ಠಾಣೆ (ಪ್ರಶ್ನೆ ಕೇಳಿದವರು):
ನಾನು, ನನ್ನ ಹೆಂಡತಿ, ಐದು ವರ್ಷದ ಮಗ ಮತ್ತು ಮಂಡಿನೋವಿರುವ ನನ್ನ ತಾಯಿ ನವೆಂಬರ್ ಕೊನೆಯ ವಾರದಲ್ಲಿ ಮುಂಬಯಿಯಿಂದ ಮಾಲ್ದೀವ್ಸ್‌ಗೆ ಹೊರಟಿದ್ದೇವೆ. ವಿಮಾನ ರಾತ್ರಿ 9.40ಕ್ಕೆ ಇಳಿಯುತ್ತದೆ. ನಮ್ಮ ರೆಸಾರ್ಟ್ ಬಾ ಅಟಾಲ್ ಎಂಬ ಹವಳದ ದ್ವೀಪಗಳ ಗುಂಪಿನಲ್ಲಿದೆ, ಅಲ್ಲಿಗೆ ಒಯ್ಯುವ ಸೀಪ್ಲೇನ್ (ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ) ಕತ್ತಲಾದ ಮೇಲೆ ಹಾರುವುದಿಲ್ಲ. ವಿಮಾನ ನಿಲ್ದಾಣದ ಪಕ್ಕದ ದ್ವೀಪವಾದ ಹುಲ್ಹುಮಾಲೆಯಲ್ಲಿ ಒಂದು ರಾತ್ರಿ ತಂಗುವುದೋ, ಬಾ ಅಟಾಲ್‌ನಲ್ಲೇ ವಿಮಾನ ನಿಲ್ದಾಣವಿರುವ ಧರವಂದು ದ್ವೀಪಕ್ಕೆ ದೇಶೀಯ ವಿಮಾನ ಹಿಡಿದು ಅಲ್ಲಿಂದ ದೋಣಿಯಲ್ಲಿ ಹೋಗುವುದೋ, ಅಥವಾ ಮಾಲೆಗೆ ಹತ್ತಿರದ ಬೇರೆ ರೆಸಾರ್ಟಿಗೆ ಬದಲಾಯಿಸುವುದೋ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಡೊಂಬಿವಲಿ:
ಕಳೆದ ಜುಲೈಯಲ್ಲಿ ನನಗಾದದ್ದನ್ನು ಲೆಕ್ಕ ಸಮೇತ ಬರೆಯುತ್ತೇನೆ, ಏಕೆಂದರೆ ಆ ನೋವು ಇನ್ನೂ ಆರಿಲ್ಲ. ನಮ್ಮ ವಿಮಾನ ಮಧ್ಯಾಹ್ನ ಒಂದೂವರೆಗೆ ಇಳಿಯಬೇಕಿತ್ತು. ಮುಂಬಯಿಯ ಮಳೆಯಿಂದಾಗಿ ಸುಮಾರು ನಾಲ್ಕು ಗಂಟೆ ತಡವಾಗಿ ಮಾಲೆ ತಲುಪುವಷ್ಟರಲ್ಲಿ ಆ ದಿನದ ಕೊನೆಯ ಸೀಪ್ಲೇನ್ ಹೊರಟುಹೋಗಿತ್ತು. ರಸ್ತೆಯಲ್ಲೇ ಹುಲ್ಹುಮಾಲೆಗೆ ಹೋದೆವು. ಕೋಣೆಗೆ 98 ಡಾಲರ್, ಟ್ಯಾಕ್ಸಿಗೆ ಹೋಗಿಬರಲು 12, ಊಟಕ್ಕೆ 37, ಚಿಕ್ಕ ಅತಿಥಿಗೃಹವಾದ್ದರಿಂದ ಹಸಿರು ತೆರಿಗೆ (ಪ್ರವಾಸಿಗರಿಂದ ರಾತ್ರಿಗಿಷ್ಟು ಎಂದು ಪಡೆಯುವ ತೆರಿಗೆ) ತಲಾ 6 ಡಾಲರಿನಂತೆ ಮೂವರಿಗೆ 18. ಒಟ್ಟು 165. ಇತ್ತ ರೆಸಾರ್ಟಿನವರು ನಾವು ಕಾಲಿಡದ ಆ ರಾತ್ರಿಗೆ 410 ಡಾಲರನ್ನು ಹಿಡಿದಿಟ್ಟುಕೊಂಡರು. ಹನ್ನೊಂದು ಇಮೇಲ್ ಬರೆದೆ. ಹವಾಮಾನ ತಮ್ಮ ಕೈಯಲ್ಲಿಲ್ಲ ಎಂಬ ಒಂದೇ ಉತ್ತರ ಬಂತು. ಒಂದು ರಾತ್ರಿಯ ನಿದ್ದೆಗೆ 575 ಡಾಲರ್ ತೆತ್ತವನು ನಾನು. ಆದ್ದರಿಂದ ರೆಸಾರ್ಟಿನ ಬುಕಿಂಗನ್ನು ಮರುದಿನದಿಂದಲೇ ಆರಂಭಿಸಿ.

ಪುಣೆ, ಕೋಥ್ರೂಡ್:
ಡೊಂಬಿವಲಿಯ ಅಣ್ಣನವರು ನೈರುತ್ಯ ಮಾನ್ಸೂನಿನ ನಡುವೆ ಹೋಗಿ ಮಳೆಯನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ. ನಾವು ಫೆಬ್ರವರಿಯಲ್ಲಿ, ಕಡಲು ಶಾಂತವಾಗಿರುವ ಕಾಲದಲ್ಲಿ ಹೋದೆವು ಮತ್ತು ಸ್ಪೀಡ್‌ಬೋಟ್ ಇರುವ ರೆಸಾರ್ಟನ್ನೇ ಬೇಕೆಂದು ಆರಿಸಿದೆವು. ರಾತ್ರಿ ಹತ್ತೂವರೆಗೆ ವಿಮಾನ ನಿಲ್ದಾಣದ ಎದುರಿನ ಜೆಟ್ಟಿಯಲ್ಲೇ ದೋಣಿ ಹತ್ತಿ, ದಕ್ಷಿಣ ಮಾಲೆ ಅಟಾಲ್‌ಗೆ ನಲವತ್ತೈದು ನಿಮಿಷದಲ್ಲಿ ತಲುಪಿದೆವು. ಅರವತ್ತೆಂಟು ವರ್ಷದ ನನ್ನ ತಂದೆಯವರನ್ನು ಎಂಜಿನ್ನಿನ ಬಳಿಯ ಹಿಂದಿನ ಸೀಟಿನಲ್ಲಿ ಕೂರಿಸಿದೆ, ಅಲ್ಲಿ ಕುಲುಕಾಟ ಕಡಿಮೆ. ರಾತ್ರಿ ಹತ್ತರ ನಂತರದ ದೋಣಿಗೆಂದು ತಲಾ 40 ಡಾಲರ್ ಹೆಚ್ಚು ಕಿತ್ತರು ಎಂಬುದು ನಿಜ. ಅಡುಗೆಮನೆ ಮುಚ್ಚಿದ್ದರಿಂದ ಎರಡು ಸ್ಯಾಂಡ್‌ವಿಚ್‌ಗೆ 56 ಡಾಲರ್ ಕೊಟ್ಟದ್ದೂ ನಿಜ. ಆದರೂ ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಕೆಳಗೇ ಹಸಿರು ನೀರು! ನಾನು ಮಾಡಿದ್ದೇ ಸರಿ ಎಂದು ಇಂದಿಗೂ ಹೇಳುತ್ತೇನೆ.

ಡೊಂಬಿವಲಿ:
ಶಾಲೆಯ ರಜೆ, ಕಚೇರಿಯ ರಜೆ ಎರಡೂ ಕೂಡಿಬಂದ ಕಾಲಕ್ಕೆ ಹೋಗಬೇಕಾದವರು ನಾವು. ಫೆಬ್ರವರಿಯ ದರ ಕೊಡಲು ಎಲ್ಲರಿಗೂ ಶಕ್ತಿಯಿರುವುದಿಲ್ಲ ಎಂಬುದನ್ನು ಪುಣೆಯವರು ದಯವಿಟ್ಟು ನೆನಪಿಡಲಿ.

ವಾಸ್ಕೋ, ಗೋವಾ:
ನೀವಿಬ್ಬರೂ ರೆಸಾರ್ಟಿಗೆ ಹೋದವರು. ನಾವು ಬೆಂಗಳೂರಿನ ಮೂಲಕ ಹೋಗಿ ಮಾಫುಶಿ ದ್ವೀಪದ ಅತಿಥಿಗೃಹದಲ್ಲಿ ಉಳಿಯುವವರಿದ್ದೆವು. ಗೆಳೆಯರಿಗೆಂದು ಗೋವಾದಿಂದ ಒಯ್ದಿದ್ದ ಒಂದು ಬಾಟಲಿ ಗೇರು ಫೆನಿ ಎಂಬ ಮದ್ಯ ಮಾಲೆಯ ನಿಲ್ದಾಣದ ಎಕ್ಸ್-ರೇಯಲ್ಲಿ ಕಂಡಿತು. ಅದನ್ನು ತೆಗೆದಿಟ್ಟುಕೊಂಡು ರಸೀದಿ ಬರೆಯುವುದರಲ್ಲಿ ಐವತ್ತು ನಿಮಿಷ ಕಳೆದು, ನಾವು ಕಾದಿರಿಸಿದ್ದ ಸ್ಪೀಡ್‌ಬೋಟ್ ನಮ್ಮನ್ನು ಬಿಟ್ಟು ಹೋಯಿತು. ತಲಾ 25 ಡಾಲರ್ ಮರಳಲಿಲ್ಲ. ಮರುದಿನ ಶುಕ್ರವಾರ, ಸರಕಾರಿ ದೋಣಿ ಇಲ್ಲ. ರಾತ್ರಿಯೆಲ್ಲ ನಿಲ್ದಾಣದ ಬೆಂಚಿನ ಮೇಲೆ ಕುಳಿತು, ಹೆಂಡತಿ ಕಟ್ಟಿಕೊಂಡು ಬಂದಿದ್ದ ಅವಲಕ್ಕಿ ತಿಂದು, ಬೆಳಿಗ್ಗೆ ಮತ್ತೆ ಹಣ ಕೊಟ್ಟು ಹೋದೆವು.

ಪುಣೆ, ಕೋಥ್ರೂಡ್:
ಆ ದೇಶಕ್ಕೆ ಮದ್ಯ ಒಯ್ಯಬಾರದೆಂಬುದು ಹೊಸ ವಿಷಯವಲ್ಲ. ನಿಯಮ ಮುರಿದ ಮೇಲೆ ದೋಣಿ ತಪ್ಪಿದ್ದನ್ನು ರಾತ್ರಿಯ ತಲೆಗೆ ಕಟ್ಟುವುದೇಕೆ?

ವಾಸ್ಕೋ, ಗೋವಾ:
ತಪ್ಪು ನನ್ನದೆಂದು ನಾನೇ ಒಪ್ಪುತ್ತೇನೆ. ಆದರೆ ಅದೇ ತಪ್ಪು ಬೆಳಿಗ್ಗೆ ಹನ್ನೊಂದಕ್ಕೆ ಆಗಿದ್ದರೆ ಮುಂದಿನ ದೋಣಿ ಸಿಗುತ್ತಿತ್ತು. ರಾತ್ರಿ ಸಣ್ಣ ವಿಳಂಬವೂ ಇಡೀ ರಾತ್ರಿಯನ್ನು ನುಂಗುತ್ತದೆ. ನಾನು ಹೇಳಿದ್ದು ಅದನ್ನು. ಇಂತಹ ಮಾತಿನಿಂದ ನನಗೆ ಬೇಸರವಾಗಿದೆ.

ಮುಲುಂಡ್:
ಇಬ್ಬರೂ ಸ್ವಲ್ಪ ತಾಳಿ. ಪ್ರಶ್ನೆ ಬಾ ಅಟಾಲ್‌ನದು, ಮತ್ತು ಧರವಂದುವಿನ ದಾರಿಯಲ್ಲಿ ಹೋದವಳು ಇಲ್ಲಿ ನಾನೊಬ್ಬಳೇ ಎಂದು ಕಾಣುತ್ತದೆ. ನಾವು ಎಂಟೂವರೆಗೆ ಇಳಿದೆವು. ದೇಶೀಯ ವಿಮಾನ ಹನ್ನೊಂದಕ್ಕೆ ಹೊರಟಿತು. ಆಕಾಶದಲ್ಲಿದ್ದದ್ದು ಇಪ್ಪತ್ತು ನಿಮಿಷ, ಅದಕ್ಕಾಗಿ ಕಾದದ್ದು ಎರಡೂವರೆ ಗಂಟೆ. ಇಳಿದ ಮೇಲೆ ಕತ್ತಲಲ್ಲಿ ದೋಣಿ. ಕೋಣೆ ಸೇರಿದಾಗ ರಾತ್ರಿ ಒಂದು ಗಂಟೆ ಇಪ್ಪತ್ತು ನಿಮಿಷವಾಗಿತ್ತು, ಮತ್ತು ಒಂದು ಪೆಟ್ಟಿಗೆ ಮರುದಿನ ಮಧ್ಯಾಹ್ನ ಬಂತು. ಮಗಳ ಅಸ್ತಮಾ ಔಷಧಿ ಅದರಲ್ಲೇ ಇತ್ತು. ಸೀಪ್ಲೇನಿಗಿಂತ ತಲಾ 60 ಡಾಲರ್ ಉಳಿಯಿತು. ಆ ಉಳಿತಾಯಕ್ಕಾಗಿ ಮಗುವನ್ನು ಅಷ್ಟು ಹೊತ್ತು ಎಚ್ಚರವಾಗಿಟ್ಟದ್ದಕ್ಕೆ ನನಗೆ ಈಗಲೂ ವ್ಯಥೆಯಿದೆ. ಹಿಂದಿರುಗುವಾಗ ಹಗಲಿನಲ್ಲಿ ಸೀಪ್ಲೇನಿನಲ್ಲಿ ಬಂದೆವು. ಕೆಳಗೆ ಹವಳದ ಉಂಗುರಗಳನ್ನು ನೋಡಿದಾಗ, ಹೋಗುವಾಗ ಏನನ್ನು ಕಳೆದುಕೊಂಡೆವೆಂದು ತಿಳಿಯಿತು.

ಡೊಂಬಿವಲಿ:
ಅಕ್ಕನವರೇ, ಸೀಪ್ಲೇನನ್ನು ಹೊಗಳುವಾಗ ತೂಕದ ಮಾತನ್ನೂ ಹೇಳಬೇಕು. ನಮ್ಮ ಟಿಕೆಟ್ಟಿನಲ್ಲಿ ಪೆಟ್ಟಿಗೆಗೆ 20 ಕಿಲೋ, ಕೈಚೀಲಕ್ಕೆ 5 ಕಿಲೋ ಮಾತ್ರ ಇತ್ತು. ಹೆಚ್ಚಿನ ಒಂಬತ್ತು ಕಿಲೋಗೆ ನಾನು 45 ಡಾಲರ್ ಕೊಟ್ಟೆ, ಅದನ್ನು ಮೇಲಿನ ಲೆಕ್ಕದಲ್ಲಿ ಬಿಟ್ಟಿದ್ದೆ.

ಠಾಣೆ (ಪ್ರಶ್ನೆ ಕೇಳಿದವರು):
ಎಲ್ಲರಿಗೂ ಕೃತಜ್ಞತೆಗಳು. ಆದರೆ ತಾಯಿಯ ಮಂಡಿನೋವಿನ ಬಗ್ಗೆ ಮೊದಲೇ ಬರೆದಿದ್ದೆ, ಯಾರೂ ಏನೂ ಹೇಳಲಿಲ್ಲ. ನನ್ನ ನಿಜವಾದ ಚಿಂತೆ ಅದೇ.

ಮುಲುಂಡ್:
ಕ್ಷಮಿಸಿ, ನಮ್ಮ ನಮ್ಮ ಕಥೆಯಲ್ಲೇ ಮುಳುಗಿಬಿಟ್ಟೆವು. ಸೀಪ್ಲೇನ್ ಹತ್ತುವುದು ನೀರಿನ ಮೇಲೆ ತೇಲುವ ಕಟ್ಟೆಯಿಂದ. ಏಣಿ ಕಿರಿದು, ಮೆಟ್ಟಿಲು ನಾಲ್ಕೈದು, ಒಳಗೆ ಬಗ್ಗಿ ನಡೆಯಬೇಕು. ಸಿಬ್ಬಂದಿ ಎರಡೂ ಕೈ ಹಿಡಿದು ಹತ್ತಿಸುತ್ತಾರೆ, ನನ್ನ ಅತ್ತೆಯವರನ್ನು ಹಾಗೆಯೇ ಹತ್ತಿಸಿದರು. ಕೆಲವು ರೆಸಾರ್ಟುಗಳಲ್ಲಿ ಅದು ಕಡಲ ನಡುವಿನ ಕಟ್ಟೆಯ ಬಳಿ ಇಳಿದು, ಅಲ್ಲಿಂದ ಮತ್ತೊಂದು ದೋಣಿಗೆ ಹೆಜ್ಜೆ ಇಡಬೇಕಾಗುತ್ತದೆ. ನಿಮ್ಮ ರೆಸಾರ್ಟಿನಲ್ಲಿ ವಿಮಾನ ಜೆಟ್ಟಿಗೇ ಬರುತ್ತದೆಯೇ ಎಂದು ಇಂದೇ ಬರೆದು ಕೇಳಿ. ರಾತ್ರಿಯ ಕತ್ತಲಲ್ಲಿ ಅಲುಗುವ ದೋಣಿಗೆ ಹತ್ತುವುದು ಇದಕ್ಕಿಂತಲೂ ಕಷ್ಟ. ನನ್ನ ತಾಯಿಯಾಗಿದ್ದರೆ ನಾನು ಹುಲ್ಹುಮಾಲೆಯಲ್ಲಿ ಲಿಫ್ಟ್ ಇರುವ ಕೋಣೆ ಹಿಡಿದು, ಅವರನ್ನು ಮಲಗಿಸಿ, ಬೆಳಕು ಹರಿದ ಮೇಲೆಯೇ ಹೊರಡುತ್ತಿದ್ದೆ.

ಪುಣೆ, ಕೋಥ್ರೂಡ್:
ಮಂಡಿನೋವಿನ ಮಾತನ್ನು ನಾನು ಗಮನಿಸಿರಲಿಲ್ಲ. ಈ ಸಂದರ್ಭಕ್ಕೆ ಅಕ್ಕನವರ ಸಲಹೆಯೇ ಸರಿ. ವಾಸ್ಕೋದವರಿಗೂ ನಾನು ಕಟುವಾಗಿ ಬರೆಯಬಾರದಿತ್ತು.