ಸೋಗಾನೆಯಲ್ಲಿರುವ ತಮ್ಮನಿಗೆ ಎಸ್‌ಎಸ್‌ಎಲ್‌ಸಿ ಬರೆಸುವುದು ಹೇಗೆ?

ಪ್ರಶ್ನೆ: ಒಬ್ಬ ಅಕ್ಕ, ತೀರ್ಥಹಳ್ಳಿ ತಾಲ್ಲೂಕು

ನನ್ನ ತಮ್ಮ ಹತ್ತು ತಿಂಗಳಿಂದ ಶಿವಮೊಗ್ಗದ ಸೋಗಾನೆ ಕೇಂದ್ರ ಕಾರಾಗೃಹದಲ್ಲಿ ವಿಚಾರಣಾಧೀನ ಕೈದಿಯಾಗಿದ್ದಾನೆ. ಪ್ರಕರಣ ನ್ಯಾಯಾಲಯದ ಮುಂದಿರುವುದರಿಂದ ಅದರ ವಿಷಯವನ್ನು ಇಲ್ಲಿ ಬರೆಯುವುದಿಲ್ಲ. ಅವನಿಗೀಗ 22 ವರ್ಷ. ಅಪ್ಪ ತೀರಿಕೊಂಡ ವರ್ಷವೇ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬಂದಿತ್ತು. ಗಣಿತ ಮತ್ತು ಇಂಗ್ಲಿಷ್ ಉಳಿದುಹೋದವು. ಆಮೇಲೆ ಅಡಿಕೆ ಕೊನೆ ತೆಗೆಯುವ ಕೆಲಸಕ್ಕೆ ಹೋಗತೊಡಗಿದವನು ಪುಸ್ತಕ ಮುಟ್ಟಲಿಲ್ಲ. ಹೋದ ಸಲ ನೋಡಲು ಹೋದಾಗ, "ಅಕ್ಕಾ, ಆ ಎರಡು ವಿಷಯ ಬರೆದುಬಿಡಲಾ?" ಎಂದು ಅವನೇ ಕೇಳಿದ. ಬಸ್ಸಿನಲ್ಲಿ ಊರಿಗೆ ಬರುವವರೆಗೂ ನನಗೆ ಬೇರೆ ಯೋಚನೆ ಬರಲಿಲ್ಲ. ಜೈಲಿನಲ್ಲಿದ್ದುಕೊಂಡು ಪರೀಕ್ಷೆ ಬರೆಯಲು ಸಾಧ್ಯವೇ? ನಡುವೆ ಜಾಮೀನು ಸಿಕ್ಕಿದರೆ ಓದಿದ್ದೆಲ್ಲ ವ್ಯರ್ಥವಾಗುತ್ತದೆಯೇ? ಅಂಕಪಟ್ಟಿಯಲ್ಲಿ ಜೈಲಿನ ಹೆಸರು ಬಂದರೆ ಮುಂದೆ ಅದನ್ನು ಯಾರಿಗೆ ತೋರಿಸುವುದು? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ನಿವೃತ್ತ ಶಿಕ್ಷಕ, ಸಾಗರ

ತಾಯಿ, ಖಂಡಿತ ಸಾಧ್ಯ. ನಿಮ್ಮ ತಮ್ಮ ಹೊಸದಾಗಿ ಎಲ್ಲಿಯೂ ಸೇರಬೇಕಾಗಿಲ್ಲ. ಅವನು ಪುನರಾವರ್ತಿತ ಅಭ್ಯರ್ಥಿ. ಉಳಿದಿರುವ ಎರಡು ವಿಷಯಗಳನ್ನು ಮಾತ್ರ ಬರೆದರೆ ಸಾಕು, ಅರ್ಜಿಯೂ ಅವನು ಓದಿದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಮೂಲಕವೇ ಹೋಗುತ್ತದೆ. ಅಂಕಪಟ್ಟಿಯಲ್ಲಿರುವುದು ಆ ಶಾಲೆಯ ಹೆಸರು. ಆ ಚಿಂತೆಯನ್ನು ಇಂದೇ ಬಿಟ್ಟುಬಿಡಿ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿರುವುದರಿಂದ ಒಂದು ತಪ್ಪಿದರೆ ಇಡೀ ವರ್ಷ ಕಾಯಬೇಕಾದ ಹಳೆಯ ಕಷ್ಟವೂ ಈಗಿಲ್ಲ.

ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಗೆ ಸೇರಿಸಿ ಎಂದು ಕೆಲವರು ಸಲಹೆ ಕೊಡಬಹುದು. ಒಮ್ಮೆ ನೋಂದಾಯಿಸಿದರೆ ಐದು ವರ್ಷಗಳವರೆಗೆ ವಿಷಯಗಳನ್ನು ಒಂದೊಂದಾಗಿ ಮುಗಿಸಬಹುದಾದ ಆ ವ್ಯವಸ್ಥೆ, ಹೈಸ್ಕೂಲಿನ ಮೆಟ್ಟಿಲನ್ನೇ ಹತ್ತದವರಿಗೆ ಬಹಳ ಒಳ್ಳೆಯದು. ನಿಮ್ಮ ತಮ್ಮನದು ಎರಡೇ ವಿಷಯಗಳಾದ್ದರಿಂದ ಹಳೆಯ ದಾರಿಯೇ ಹತ್ತಿರ. ಮುಂದೆ ಪದವಿಯ ಆಸೆ ಹುಟ್ಟಿದರೆ, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಕೈದಿಗಳಿಗೆ ಶುಲ್ಕ ವಿನಾಯಿತಿ ಕೊಡುತ್ತ ಬಂದಿದೆ ಎಂಬುದು ನೆನಪಿರಲಿ.

ಜಾಮೀನಿನ ಬಗ್ಗೆ ನೀವು ಕೇಳಿದ್ದೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಸೆರೆಯಲ್ಲಿರುವವರ ಶಿಕ್ಷಣವನ್ನು ಆಯಾ ದೇಶದ ಶಿಕ್ಷಣ ವ್ಯವಸ್ಥೆಯೊಂದಿಗೆ ಹೊಂದಿಸಬೇಕು, ಬಿಡುಗಡೆಯಾದ ಮೇಲೂ ಅವರು ತೊಡಕಿಲ್ಲದೆ ಮುಂದುವರಿಸುವಂತಿರಬೇಕು ಎಂದು ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳ 104ನೆಯ ನಿಯಮ ಹೇಳುತ್ತದೆ. ಒಳಗೆ ಕಲಿಸಿ ಒಳಗೇ ಒಂದು ಪ್ರಮಾಣಪತ್ರ ಕೊಟ್ಟು ಕಳಿಸಿದರೆ ಅದು ಗೇಟಿನಾಚೆ ನಡೆಯುವುದಿಲ್ಲ. ನಿಮ್ಮ ತಮ್ಮ ಬರೆಯುವುದು ಊರಿನ ಮಕ್ಕಳೆಲ್ಲ ಬರೆಯುವ ಪರೀಕ್ಷೆಯನ್ನೇ. ನಾಳೆ ಜಾಮೀನಾದರೆ ಅದೇ ಹಾಲ್ ಟಿಕೆಟ್ ಹಿಡಿದು ಮನೆಯಿಂದ ಹೋಗಿ ಬರೆಯುತ್ತಾನೆ.

ಉತ್ತರ: ವಕೀಲೆ, ಶಿವಮೊಗ್ಗ

ಮೇಷ್ಟ್ರು ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ವಿಚಾರಣಾಧೀನ ಕೈದಿ ಇರುವುದು ನ್ಯಾಯಾಲಯದ ಆದೇಶದ ಮೇಲಿನ ಬಂಧನದಲ್ಲಿ. ಹೊರಗಿನ ಕೇಂದ್ರದಲ್ಲಿ ಪರೀಕ್ಷೆ ಬರೆಯಬೇಕಾದರೆ, ಪೊಲೀಸ್ ಬೆಂಗಾವಲಿನಲ್ಲಿ ಕಳಿಸಿಕೊಡುವಂತೆ ನಿಮ್ಮ ವಕೀಲರು ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು, ಅದರ ಪ್ರತಿಯನ್ನು ಕಾರಾಗೃಹದ ಅಧೀಕ್ಷಕರಿಗೂ ಕೊಡಬೇಕು. ಹಾಲ್ ಟಿಕೆಟ್ ಬರಲಿ ಎಂದು ಕಾಯದೆ, ವೇಳಾಪಟ್ಟಿ ಪ್ರಕಟವಾದ ಕೂಡಲೇ ಈ ಕೆಲಸ ಮಾಡಿಸಿ. ಮುದ್ದತ್ತಿನ ದಿನವೂ, ಅಂದರೆ ಪ್ರಕರಣದ ವಿಚಾರಣೆಯ ದಿನವೂ, ಪರೀಕ್ಷೆಯ ದಿನವೂ ಒಂದೇ ಆದರೆ ಅದನ್ನೂ ಮೊದಲೇ ತಿಳಿಸಬೇಕು. ವಕೀಲರ ಶುಲ್ಕ ಹೊರೆಯಾಗಿದ್ದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಂತೆ ಬಂಧನದಲ್ಲಿರುವ ಯಾರಿಗಾದರೂ ಉಚಿತ ನೆರವಿನ ಹಕ್ಕಿದೆ. ಜಿಲ್ಲಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡಿ.

ಇನ್ನೊಂದು ಮಾತನ್ನು ನೋವಿನಿಂದಲೇ ಹೇಳುತ್ತೇನೆ. ನಮ್ಮ ದೇಶದ ಜೈಲುಗಳಲ್ಲಿರುವ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು. ಶಿಕ್ಷೆಯಾದವರಿಗೆ ದಿನದ ಕೆಲಸವಾದರೂ ಇರುತ್ತದೆ; ಇವರನ್ನು ಕೆಲಸಕ್ಕೆ ಕಡ್ಡಾಯವಾಗಿ ಹಚ್ಚುವಂತಿಲ್ಲವಾದ್ದರಿಂದ ದಿನವಿಡೀ ಖಾಲಿ ಇರುತ್ತಾರೆ. ಇಂದೋ ನಾಳೆಯೋ ಹೊರಡುವವರೆಂದು ತರಗತಿಯಲ್ಲಿ ಇವರನ್ನು ಲೆಕ್ಕಕ್ಕೆ ಹಿಡಿಯದೆ ಹೋದರೆ, ಆ 'ನಾಳೆ' ಎಷ್ಟೋ ಜನರಿಗೆ ವರ್ಷಗಳವರೆಗೆ ಬರುವುದಿಲ್ಲ.

ಉತ್ತರ: ಹೊಸನಗರ ಕಡೆಯವನು

ನಾನು ಬೇರೊಂದು ಜಿಲ್ಲೆಯ ಜೈಲಿನಲ್ಲಿ ಕೆಲವು ವರ್ಷ ಇದ್ದು ಬಂದವನು. ಒಳಗೆ ಹೋಗುವಾಗ ನನಗೆ ಬಸ್ಸಿನ ಬೋರ್ಡು ಓದಲೂ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತುತ್ತಿದ್ದೆ. ಬ್ಯಾರಕ್ಕಿನಲ್ಲಿ ಪಕ್ಕದಲ್ಲಿ ಮಲಗುತ್ತಿದ್ದ ಒಬ್ಬರು ಹಳೆಯ ಪತ್ರಿಕೆಯ ದೊಡ್ಡ ಅಕ್ಷರಗಳ ಮೇಲೆ ನನ್ನ ಬೆರಳಿಟ್ಟು ಕಲಿಸಿದರು. ಏಳೆಂಟು ತಿಂಗಳ ನಂತರ ನನ್ನದೇ ದೋಷಾರೋಪ ಪಟ್ಟಿಯನ್ನು ಅಕ್ಷರ ಕೂಡಿಸಿಕೊಂಡು ಓದಿದೆ. ನನ್ನ ಮೇಲೆ ಏನು ಬರೆದಿದ್ದಾರೆ ಎಂಬುದು ನನಗೆ ಸ್ವತಃ ತಿಳಿದದ್ದು ಆ ದಿನ.

ಅಕ್ಕಾ, ಸಂಜೆ ಬೀಗ ಬಿದ್ದ ಮೇಲೆ ಬ್ಯಾರಕ್ಕಿನ ಗದ್ದಲದಲ್ಲಿ ಗಣಿತ ತಲೆಗೆ ಹತ್ತುವುದಿಲ್ಲ. ಬೆಳಗಿನ ಹೊತ್ತು ಗ್ರಂಥಾಲಯದಲ್ಲಿ ಕುಳಿತುಕೊಳ್ಳಲು ಅನುಮತಿ ಕೇಳುವಂತೆ ತಮ್ಮನಿಗೆ ಹೇಳಿ. ಲೆಕ್ಕ ಬಲ್ಲವರು ಒಳಗೂ ಇರುತ್ತಾರೆ, ಅಂಥವರನ್ನು ಹುಡುಕಿಕೊಳ್ಳಲಿ. ನೀವು ಹೋದಾಗಲೆಲ್ಲ ಪ್ರಕರಣದ ಮಾತು ಮುಗಿದ ಮೇಲೆ ಒಂದು ನಿಮಿಷವಾದರೂ "ಎಷ್ಟನೆಯ ಪಾಠಕ್ಕೆ ಬಂದೆ?" ಎಂದು ಕೇಳಿ. ನನ್ನನ್ನು ಹಾಗೆ ಕೇಳುವವರು ಯಾರೂ ಇರಲಿಲ್ಲ.

ಮರುಪ್ರಶ್ನೆ: ತೀರ್ಥಹಳ್ಳಿಯ ಅಕ್ಕ

ಮೂವರಿಗೂ ಕೈಮುಗಿಯುತ್ತೇನೆ. ಸೋಮವಾರ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಕಾಣುತ್ತೇನೆ. ಮೇಷ್ಟ್ರೇ, ಅವನ ಹಳೆಯ ಪುಸ್ತಕಗಳು ಗೆದ್ದಲು ಹಿಡಿದು ಹೋಗಿವೆ. ಯಾವ ಪುಸ್ತಕ ತೆಗೆದುಕೊಂಡು ಹೋಗಲಿ?

ಉತ್ತರ: ನಿವೃತ್ತ ಶಿಕ್ಷಕ, ಸಾಗರ

ಹಳೆಯ ಅಭ್ಯರ್ಥಿಗೆ ಯಾವ ಪಠ್ಯಕ್ರಮದ ಪ್ರಶ್ನೆಪತ್ರಿಕೆ ಬರುತ್ತದೆ ಎಂಬುದನ್ನು ಮುಖ್ಯೋಪಾಧ್ಯಾಯರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಈಗಿನದೇ ಎಂದಾದರೆ ಹತ್ತನೆಯ ತರಗತಿಯ ಗಣಿತ ಎರಡು ಭಾಗಗಳಲ್ಲಿದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಮುದ್ರಿಸಿಕೊಳ್ಳಬಹುದು. ಪುಸ್ತಕಗಳನ್ನು ಒಳಗೆ ಬಿಡುವ ಮೊದಲು ತಪಾಸಣೆ ಮಾಡುತ್ತಾರೆ. ಬಿಡಿ ಹಾಳೆಗಳಾಗಿ ಒಯ್ಯದೆ ಹೊಲಿಸಿಕೊಂಡು ಹೋಗಿ. ಮೊದಲು ಸಮಾಂತರ ಶ್ರೇಢಿಯ ಅಧ್ಯಾಯದಿಂದ ಶುರುಮಾಡಲಿ. ತಾನಾಗಿಯೇ ಕಲಿಯುವವನಿಗೆ ಅದು ಬೇಗ ಕೈಹಿಡಿಯುತ್ತದೆ. ಎಲ್ಲಾದರೂ ತೊಡಕಾದರೆ ಆ ಲೆಕ್ಕವನ್ನು ನಿಮಗೆ ಪತ್ರದಲ್ಲಿ ಬರೆಯಲಿ, ನೀವು ಇಲ್ಲಿ ಹಾಕಿ. ಬಿಡಿಸಿದ್ದನ್ನು ಹಂತಹಂತವಾಗಿ ಬರೆದು ಕಳಿಸುತ್ತೇನೆ.