ಕೆಕೆ ಹಾಡಿದ ‘ಪಲ್’: ಸೆಂಡಾಫ್ ಬಂತೆಂದರೆ ಈ ಹಾಡೇ ಯಾಕೆ?

ಸಪ್ತಾಪುರದ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದೇನೆ. ಮುಂದಿನ ಶನಿವಾರ ನಮ್ಮ ಸೆಂಡಾಫ್. ಗಿಟಾರ್ ಬಾರಿಸುವ ಹುಡುಗ ಒಬ್ಬ ಇದ್ದಾನೆ, ಹಾಡೋದು ನಾನು. ಯಾವ ಹಾಡು ಅಂತ ಕ್ಲಾಸಿನಲ್ಲಿ ಕೇಳಿದರೆ ನಲವತ್ತು ಜನ ಒಂದೇ ಉಸಿರಿಗೆ ಹಿಂದಿ ಗಾಯಕ ಕೆಕೆಯ ‘ಪಲ್’ (ಅಂದರೆ ಕ್ಷಣ) ಅಂದರು. ಅದೇ ಹೆಸರಿನ ಆಲ್ಬಮ್ಮಿನಲ್ಲಿ ಈ ಹಾಡು ಬಂದಿದ್ದು 1999ರಲ್ಲಿ. ಆಗ ನಮ್ಮಲ್ಲಿ ಒಬ್ಬರೂ ಹುಟ್ಟಿರಲಿಲ್ಲ. ಕೆಲವರಿಗೆ ಹಿಂದಿ ಸರಿಯಾಗಿ ಬರೋದೂ ಇಲ್ಲ, ಆದರೂ ಮೊನ್ನೆ ಪ್ರಾಕ್ಟೀಸ್ ಮಾಡುವಾಗ ಮೊದಲ ಸಾಲಿಗೇ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಹೊರಗೆ ಹೋದಳು, ಕಾರಿಡಾರಿನಲ್ಲಿ ಮುಖ ಒರೆಸಿಕೊಂಡು ಬಂದಳು. ಕೇಳಿದರೆ ‘ಗೊತ್ತಿಲ್ಲ, ಸುಮ್ನೆ ಅಳು ಬಂತು’ ಅಂದಳು.

ಅರ್ಥ ಆಗದೆ ಹಾಡೋಕೆ ನನಗೆ ಮನಸ್ಸಿಲ್ಲ. ಇದು ಪ್ರೀತಿಯ ಹಾಡೋ, ಗೆಳೆತನದ ಹಾಡೋ? ಇಷ್ಟು ವರ್ಷ ಆದರೂ ಹಳೇದು ಅನ್ನಿಸದೆ ಇರೋದು ಯಾಕೆ? ಗೊತ್ತಿದ್ದವರು ಹೇಳಿ.

ಗದಗ ಮಾಸ್ತರ:
ತಂಗಿ, ನಾನು ಹಿಂದಿ ಕಲಿಸುವವನು, ಹಾಗಾಗಿ ಮಾತಿನ ಕಡೆಯಿಂದ ಹೇಳುತ್ತೇನೆ. ಬರೆದವರು ಮೆಹಬೂಬ್, ರಾಗ ಹಾಕಿದವರು ಲೆಸ್ಲಿ ಲೂಯಿಸ್. ಹರಿಹರನ್ ಜೊತೆ ‘ಕಲೋನಿಯಲ್ ಕಸಿನ್ಸ್’ ಮಾಡಿದವರು ಇವರೇ. ಮಾತು ಹಿಡಿದು ನೋಡಿದರೆ ಇದು ಅಪ್ಪಟ ಪ್ರೇಮಗೀತೆ. ಸಂಜೆಯ ಸೆರಗು ಹೊದ್ದು ರಾತ್ರಿ ಬಂದಿದೆ, ಬಾ, ನಮ್ಮಿಬ್ಬರ ಕಥೆ ಬರೆಯೋಣ ಅಂತ ಚರಣದಲ್ಲಿ ಇದೆ. ‘ಇಬ್ಬರು’ ಅಂತಲೇ ಇದೆ, ನಲವತ್ತು ಜನ ಅಂತ ಅಲ್ಲ. ಗೆಳೆತನದ ಹಾಡು ಬೇರೆ, ಅದೇ ಆಲ್ಬಮ್ಮಿನ ‘ಯಾರೋಂ’. ಎರಡನ್ನೂ ಜನ ಒಟ್ಟಿಗೇ ಹಾಡಿ ಹಾಡಿ ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿದೆ.

ಆದರೆ ಪಲ್ಲವಿಯ ಕ್ರಿಯಾಪದ ನೋಡು. ನಾವು ಇರುತ್ತೇವೋ ಇಲ್ಲವೋ, ನಾಳೆ ಈ ಗಳಿಗೆ ನೆನಪಾಗುತ್ತದೆ ಅಂತ ಮುಂದಿನ ಕಾಲದಲ್ಲಿ ಹೇಳುತ್ತದೆ. ಹರೆಯದ ಹಾಡುಗಳಲ್ಲಿ ಜಾಸ್ತಿ ಪಾಲು ವಯಸ್ಸಾದವರು ಹಿಂದಕ್ಕೆ ತಿರುಗಿ ಹಾಡುವಂಥವು, ಆ ದಿನಗಳು ಎಷ್ಟು ಚೆಂದ ಇದ್ದವು ಅಂತ. ಇಲ್ಲಿ ಹಾಡುವವನು ಇನ್ನೂ ಆ ಗಳಿಗೆಯ ಒಳಗೇ ಕೂತಿದ್ದಾನೆ. ಅದು ಕೈಬಿಟ್ಟು ಹೋಗುತ್ತದೆ ಅನ್ನೋದು ಅವನಿಗೆ ಈಗಲೇ ಗೊತ್ತು. ನಿನ್ನ ಗೆಳತಿ ಅತ್ತದ್ದು ಅದಕ್ಕೇ ಇರಬೇಕು. ಅವಳು ಇನ್ನೂ ಏನನ್ನೂ ಕಳೆದುಕೊಂಡಿಲ್ಲ, ಶನಿವಾರ ಇನ್ನೂ ಬಂದೇ ಇಲ್ಲ.

ಇನ್ನೊಂದು, ‘ಪಲ್’ ಭಾಳ ಸಣ್ಣ ಅಳತೆ. ಪಂಚಾಂಗದ ಲೆಕ್ಕದಲ್ಲಿ ಗಳಿಗೆ ಅಂದರೆ 24 ನಿಮಿಷ, ಪಲ ಅಂದರೆ 24 ಸೆಕೆಂಡು. 60 ಪಲ ಸೇರಿದರೆ ಒಂದು ಗಳಿಗೆ. ವರ್ಷ ಅನ್ನದೆ, ದಿನ ಅನ್ನದೆ ಅಷ್ಟು ಚಿಕ್ಕದನ್ನು ಹಿಡಿದಿದ್ದರಿಂದ ಮೂರು ವರ್ಷದ ಕಾಲೇಜು ಯಾವುದೋ ಒಂದು ನಗುವಿಗೆ, ಒಂದು ಅರ್ಧ ಕಪ್ ಚಹಾಕ್ಕೆ ಬಂದು ನಿಲ್ಲುತ್ತದೆ.

ಉಣಕಲ್ ದಂಡೆ:
ಮಾಸ್ತರ, ಮಾತಿನಲ್ಲಿ ಪ್ರೇಮಗೀತೆ ಅನ್ನೋದನ್ನು ಒಪ್ಪುತ್ತೇನೆ. ಆದರೆ ಹಾಡು ಬರೆದವರ ಕೈಯಲ್ಲೇ ಉಳಿಯೋದಿಲ್ಲ ಅಲ್ವಾ? 2011ರಲ್ಲಿ ಹುಬ್ಬಳ್ಳಿಯ ಹಾಸ್ಟೆಲ್ ಬಿಡುವ ಹಿಂದಿನ ರಾತ್ರಿ ನಾವು ಏಳು ಜನ ಟೆರೇಸಿನಲ್ಲಿ ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದೆವು. ಕರೆಂಟ್ ಇರಲಿಲ್ಲ. ಒಬ್ಬನ ಕೀಪ್ಯಾಡ್ ಫೋನಿನಲ್ಲಿ ಈ ಹಾಡಿತ್ತು, ದನಿ ಸಾಲದು ಅಂತ ಫೋನನ್ನು ಮೆಸ್ಸಿನಿಂದ ತಂದ ಸ್ಟೀಲ್ ತಂಬಿಗೆಯಲ್ಲಿ ಇಟ್ಟೆವು. ತಂಬಿಗೆ ಝುಂಯ್ ಅನ್ನುತ್ತಿತ್ತು, ಮುಟ್ಟಿದರೆ ಗಿಟಾರಿನ ಒಂದೊಂದು ಮೀಟೂ ಬೆರಳಿಗೆ ತಾಗುತ್ತಿತ್ತು. ರಾಣೆಬೆನ್ನೂರಿನ ಗೆಳೆಯನೊಬ್ಬ, ನಾಲ್ಕು ವರ್ಷದಲ್ಲಿ ಒಂದು ದಿನವೂ ಬಾಯಿ ಬಿಟ್ಟು ಹಾಡಿದವನಲ್ಲ, ಅವತ್ತು ಹಾಡಿದ. ಹಿಂದಿ ಅಲ್ಲಲ್ಲಿ ತಪ್ಪಿತು, ಯಾರೂ ತಿದ್ದಲಿಲ್ಲ. ಆದದ್ದು ಇಷ್ಟೇ. ಈಗ ಎಲ್ಲೇ ಈ ಹಾಡು ಬರಲಿ, ನನಗೆ ಮೊದಲು ಕೇಳೋದು ಆ ತಂಬಿಗೆಯ ದನಿ.

ನೋಡಿ, ಈ ಹಾಡಿನಲ್ಲಿ ಕಾಲೇಜಿನ ಹೆಸರಿಲ್ಲ, ಊರಿಲ್ಲ, ಬೈಕಿಲ್ಲ, ಫೋನಿಲ್ಲ. ಹಳೇದಾಗುವ ಸಾಮಾನೇ ಇಲ್ಲ ಅದರಲ್ಲಿ. ಹಾಸ್ಟೆಲಿನ ಖಾಲಿ ರೂಮಿನ ಹಾಗೆ, ಯಾರು ಬಂದರೂ ತಮ್ಮ ಟ್ರಂಕು ಇಟ್ಟುಕೊಳ್ಳಬಹುದು.

ಹಾವೇರಿ ಏಲಕ್ಕಿ:
ನಾನು ಮಕ್ಕಳಿಗೆ ಹಾಡು ಕಲಿಸುತ್ತೇನೆ. ಕೆಕೆ ಶಾಸ್ತ್ರೀಯ ಸಂಗೀತ ಕಲಿತವರಲ್ಲ. ಹೆಸರು ಮಾಡುವ ಮುಂಚೆ ಸಾವಿರಾರು ಜಾಹೀರಾತು ಜಿಂಗಲ್ ಹಾಡಿದ್ದರು. ಅರ್ಧ ನಿಮಿಷದೊಳಗೆ ಕೇಳುವವರ ಹತ್ತಿರ ಹೋಗಿ ಕೂರುವ ಕಲೆ ಅವರಿಗೆ ಅಲ್ಲೇ ಕುದುರಿತು ಅಂತ ನನ್ನ ಅಂದಾಜು. ಪಲ್ಲವಿ ಮಾತಾಡಿದ ಹಾಗೆ ಶುರುವಾಗುತ್ತದೆ, ಕಷ್ಟದ ಹರಕತ್ತು, ಅಂದರೆ ದನಿಯನ್ನು ಚಕಚಕ ಹೊರಳಿಸುವ ಅಲಂಕಾರ, ಇಲ್ಲ. ಅದಕ್ಕೇ ಹಾಡು ಬಾರದವರೂ ಧೈರ್ಯವಾಗಿ ದನಿಗೂಡಿಸುತ್ತಾರೆ, ಆ ರಾಣೆಬೆನ್ನೂರಿನವರ ಹಾಗೆ.

ಮಾಸ್ತರರ ಮಾತಿಗೆ ಒಂದು ಸೇರಿಸುತ್ತೇನೆ. ಒಂದು ಜನ್ಮಕ್ಕೆ ಒಂದೇ ಬಾಲ್ಯ, ಒಂದೇ ಹರೆಯ, ನಮಗೆ ಅಷ್ಟೇ ಯಾಕೆ ಅಂತ ಸಾಧನಕೇರಿಯ ಬೇಂದ್ರೆ ಅಜ್ಜ ‘ಯುಗಾದಿ’ ಪದ್ಯದಲ್ಲಿ ಕೇಳಿದ್ದಾರೆ. 1963ರ ‘ಕುಲವಧು’ ಸಿನಿಮಾಕ್ಕೆ ಎಸ್. ಜಾನಕಿ ಹಾಡಿದ್ದು ಇದನ್ನೇ. ಎಲ್ಲ ಜೀವಕ್ಕೂ ವರ್ಷಕ್ಕೊಂದು ಹೊಸ ಹುಟ್ಟು, ನಮಗೆ ಮಾತ್ರ ಯಾಕಿಲ್ಲ ಅನ್ನೋ ಸಂಕಟ ಅಲ್ಲಿದೆ. ‘ಪಲ್’ನಲ್ಲಿ ಆ ಪ್ರಶ್ನೆಯೇ ಇಲ್ಲ. ಬದುಕು ಚಿಕ್ಕದು, ನಾಳೆ ಸಿಕ್ಕರೆ ಅದೃಷ್ಟ, ಏನು ಯೋಚನೆ ಮಾಡುತ್ತೀ, ಬಾ ಹೋಗೋಣ. ಇಪ್ಪತ್ತರ ವಯಸ್ಸಿನ ಮಾತು ಇದು. ಬೇಂದ್ರೆಯವರ ಪ್ರಶ್ನೆ ನನಗೆ ನಲವತ್ತು ದಾಟಿದ ಮೇಲೆ ಅರ್ಥ ಆಗುತ್ತಿದೆ.

2022ರ ಮೇ 31ರಂದು ಕೋಲ್ಕತ್ತಾದ ನಜ್ರುಲ್ ಮಂಚದಲ್ಲಿ ಕಾಲೇಜು ಫೆಸ್ಟಿಗೆ ಹಾಡಿ, ಅದೇ ರಾತ್ರಿ ಕೆಕೆ ತೀರಿಕೊಂಡರು. 53 ವರ್ಷ. ಅವತ್ತು ಕೊನೆಗೆ ಹಾಡಿದ್ದು ಇದೇ ಹಾಡು. ಮರುದಿನ ಬೆಳಿಗ್ಗೆ ನಾನು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದೆ, ಫೋನಿನಲ್ಲಿ ಸುದ್ದಿ ಓದಿದೆ, ಇಳಿಯಬೇಕಾದ ಸ್ಟಾಪು ದಾಟಿದ್ದೇ ಗೊತ್ತಾಗಲಿಲ್ಲ. ಅಲ್ಲಿಯವರೆಗೆ ‘ನಾವು ಇರುತ್ತೇವೋ ಇಲ್ಲವೋ’ ಅನ್ನೋದು ಬರೀ ಹಾಡಿನ ಸಾಲಾಗಿತ್ತು. ಈಗ ಮಕ್ಕಳಿಗೆ ಕಲಿಸುವಾಗ ಅಲ್ಲಿ ನನ್ನ ದನಿ ಒಂಚೂರು ನಿಂತು ಮುಂದೆ ಹೋಗುತ್ತದೆ.

ಸಪ್ತಾಪುರದ ಹುಡುಗಿ:
ಎಲ್ಲರಿಗೂ ಭಾಳ ಥ್ಯಾಂಕ್ಸ್. ‘ಇಬ್ಬರು’ ಅನ್ನೋ ಚರಣ ಬಿಟ್ಟುಬಿಡೋಣ ಅಂತ ಗಿಟಾರಿನ ಹುಡುಗ ಹೇಳಿದ್ದ. ನಾನು ಬಿಡೋದಿಲ್ಲ. ಮೂರು ವರ್ಷ ಪಕ್ಕದಲ್ಲೇ ಕೂತ ಗೆಳತಿ ಒಬ್ಬಳಿದ್ದಾಳೆ, ಪರೀಕ್ಷೆ ಮುಗಿದರೆ ಕಲಘಟಗಿಗೆ ವಾಪಸ್ ಹೋಗುತ್ತಾಳೆ. ಆ ಚರಣ ಅವಳಿಗೆ. ಏಲಕ್ಕಿ ಅಕ್ಕಾ, ಒಂದು ಕೇಳಬೇಕು: ಮೂಲ ಶ್ರುತಿಯಲ್ಲಿ ಹಾಡಿದರೆ ಕೆಳಗಿನ ಸ್ವರ ನನಗೆ ಸಿಗುತ್ತಿಲ್ಲ, ಬರೀ ಉಸಿರು ಕೇಳುತ್ತದೆ. ಏನು ಮಾಡಲಿ?

ಹಾವೇರಿ ಏಲಕ್ಕಿ:
ಗಿಟಾರಿಗೆ ಕ್ಯಾಪೋ, ಅಂದರೆ ತಂತಿ ಒತ್ತಿ ಹಿಡಿಯುವ ಕ್ಲಿಪ್ಪು, ಹಾಕಿ ಶ್ರುತಿಯನ್ನು ನಾಲ್ಕೈದು ಮನೆ ಏರಿಸಲು ಹೇಳು. ಏರಿಸಿದ ಮೇಲೆ ಕೊನೆಯ ಭಾಗ ಜಗ್ಗಿ ಹಾಡಬೇಡ. ಅಲ್ಲಿಗೆ ಬರುವಷ್ಟರಲ್ಲಿ ನಲವತ್ತು ಜನವೂ ಹಾಡುತ್ತಿರುತ್ತಾರೆ, ನೀನು ಮೆಲ್ಲಗೆ ಹಾಡಿದರೆ ಸಾಕು.